ಕಾರುಗಳು ಮುಖಾಮುಖಿ ಡಿಕ್ಕಿಯಾದರೆ ಪರಿಹಾರ ಯಾರಿಗೆ, ಎಷ್ಟು? ಫಾರ್ವರ್ಡ್‌ಗಳು ಹೇಳುವುದೇನು, ಕಾನೂನು ಹೇಳುವುದೇನು?

‘ಅಪಘಾತದಲ್ಲಿ ಸತ್ತವರು ಸತತ ಮೂರು ವರ್ಷ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ್ದರೆ, ಅವರ ಸರಾಸರಿ ವಾರ್ಷಿಕ ಆದಾಯದ ಹತ್ತು ಪಟ್ಟು ಹಣವನ್ನು ಸರ್ಕಾರ ಕುಟುಂಬಕ್ಕೆ ಕೊಡಲೇಬೇಕು. ಈ ವಿಷಯ ಬಹಳ ಜನರಿಗೆ ಗೊತ್ತಿಲ್ಲ, ಎಲ್ಲ ಗ್ರೂಪ್‌ಗಳಿಗೂ ಕಳುಹಿಸಿ.’ ಈ ಸಂದೇಶ ನಿಮ್ಮ ಮೊಬೈಲಿಗೂ ಒಂದಲ್ಲ ಒಂದು ಬಾರಿ ಬಂದಿರಬಹುದು. ಇದರ ಜೊತೆಗೇ ಇನ್ನೂ ಕೆಲವು ಮಾತುಗಳು ಓಡಾಡುತ್ತಿರುತ್ತವೆ. ಎದುರುಬದುರು ಡಿಕ್ಕಿಯಾದರೆ ಇಬ್ಬರದೂ ತಪ್ಪು, ಹಾಗಾಗಿ ಯಾರಿಗೂ ಪರಿಹಾರ ಇಲ್ಲ ಎನ್ನುವುದು ಒಂದು. ಸಂಬಳದ ಚೀಟಿ ಇಲ್ಲದವರಿಗೆ ಏನೂ ಸಿಗುವುದಿಲ್ಲ ಎನ್ನುವುದು ಇನ್ನೊಂದು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸರು ನಮ್ಮನ್ನೇ ಹಿಡಿಯುತ್ತಾರೆ ಎನ್ನುವುದು ಮತ್ತೊಂದು.

ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ಸತ್ಯ. ಆದರೆ ಇವನ್ನು ನಂಬಿದ ಕುಟುಂಬ ಕಳೆದುಕೊಳ್ಳುವುದು ಮಾತ್ರ ನಿಜವಾದ ಹಣ, ಕೆಲವೊಮ್ಮೆ ನಿಜವಾದ ಜೀವ. ಕೇಂದ್ರ ಸಾರಿಗೆ ಸಚಿವಾಲಯದ ಅಂಕಿ ಅಂಶಗಳ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾದವು, 1,68,491 ಜನ ಸತ್ತರು, 4,43,366 ಜನ ಗಾಯಗೊಂಡರು. ಗಾಯಗೊಂಡವರಲ್ಲಿ ಎಷ್ಟೋ ಮಂದಿ ದುಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತಾರೆ. ಆದ್ದರಿಂದ ಮುಖಾಮುಖಿ ಡಿಕ್ಕಿ ಎಂದರೇನು, ಅದರಲ್ಲಿ ಗಾಯಗೊಂಡವರಿಗೆ ನಮ್ಮ ಕಾನೂನು ಏನು ಕೊಡುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

80 ಮತ್ತು 80 ಸೇರಿ 160 ಆಗುತ್ತದೆಯೇ?

ಎರಡು ಕಾರುಗಳು ತಲಾ 80 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಗುದ್ದಿದರೆ, ಅದು 160 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿದಂತೆ ಎಂದು ಬಹಳ ಜನ ನಂಬಿದ್ದಾರೆ. ಎರಡೂ ಕಾರುಗಳ ತೂಕ ಸಮನಾಗಿದ್ದರೆ ಈ ಮಾತು ತಪ್ಪು. ಆಗ ಎರಡೂ ಕಾರುಗಳು ಗುದ್ದಿದ ಜಾಗದಲ್ಲೇ ನಿಲ್ಲುತ್ತವೆ. ಪ್ರತಿ ಕಾರೂ 80ರಿಂದ ಸೊನ್ನೆಗೆ ಇಳಿಯುತ್ತದೆ. ಗಟ್ಟಿ ಗೋಡೆಗೆ 80ರಲ್ಲಿ ಗುದ್ದಿದರೂ ಆಗುವುದು ಅದೇ. ಡಿಕ್ಕಿಯ ಒಟ್ಟು ಶಕ್ತಿ ಎರಡು ಪಟ್ಟು ನಿಜ, ಆದರೆ ಅದನ್ನು ಹಂಚಿಕೊಳ್ಳಲು ಎರಡು ಕಾರುಗಳಿವೆ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ 160ರಲ್ಲಿ ಗೋಡೆಗೆ ಗುದ್ದುವುದು ಇದಕ್ಕಿಂತ ಎಷ್ಟೋ ಭೀಕರ.

ಹಾಗೆಂದು ಸಮಾಧಾನ ಪಡಬೇಡಿ. ನಮ್ಮ ರಸ್ತೆಗಳಲ್ಲಿ ಕಾರಿಗೆ ಎದುರಾಗುವುದು ಯಾವಾಗಲೂ ಅಷ್ಟೇ ತೂಕದ ಕಾರಲ್ಲ, ಲಾರಿ ಬಸ್ಸುಗಳೂ ಎದುರಾಗುತ್ತವೆ. 1,000 ಕಿಲೋ ತೂಕದ ಕಾರು ಮತ್ತು 15,000 ಕಿಲೋ ತೂಕದ ಲಾರಿ ತಲಾ 60 ಕಿ.ಮೀ. ವೇಗದಲ್ಲಿ ಎದುರುಬದುರು ಗುದ್ದಿ ಅಂಟಿಕೊಂಡವು ಎಂದುಕೊಳ್ಳಿ. ಲೆಕ್ಕ ಹಾಕಿದರೆ ಎರಡೂ ಸೇರಿ ಲಾರಿಯ ದಿಕ್ಕಿನಲ್ಲೇ ಗಂಟೆಗೆ 52.5 ಕಿ.ಮೀ. ವೇಗದಲ್ಲಿ ಮುಂದೆ ಹೋಗುತ್ತವೆ. ಲಾರಿಯ ವೇಗದಲ್ಲಿ ಆದ ಬದಲಾವಣೆ ಕೇವಲ 7.5 ಕಿ.ಮೀ. ಕಾರಿನ ವೇಗದಲ್ಲಿ ಆದ ಬದಲಾವಣೆ 112.5 ಕಿ.ಮೀ. ಮುಂದಕ್ಕೆ 60ರಲ್ಲಿ ಹೋಗುತ್ತಿದ್ದ ಕಾರು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ 52.5ರಲ್ಲಿ ತಳ್ಳಲ್ಪಡುತ್ತದೆ. ಲಾರಿ ಚಾಲಕ ಸಣ್ಣಪುಟ್ಟ ಗಾಯದಿಂದ ಪಾರಾಗಿ, ಕಾರಿನಲ್ಲಿದ್ದವರು ಉಳಿಯದೇ ಹೋಗಲು ಕಾರಣ ಇದೇ. ಹಣೆಬರಹ ಅಲ್ಲ, ತೂಕದ ವ್ಯತ್ಯಾಸ.

160 ಎಂಬ ಸಂಖ್ಯೆ ನಿಜವಾಗುವ ಜಾಗವೂ ಒಂದಿದೆ. ಅದು ಓವರ್‌ಟೇಕ್ ಮಾಡುವಾಗ. ತಲಾ 80ರಲ್ಲಿ ಎದುರಾಗುವ ಎರಡು ವಾಹನಗಳ ನಡುವಿನ ಅಂತರ ಸೆಕೆಂಡಿಗೆ ಸುಮಾರು 44 ಮೀಟರ್‌ನಂತೆ ಕರಗುತ್ತದೆ. 200 ಮೀಟರ್ ದೂರದಲ್ಲಿ ಕಂಡ ಬಸ್ಸು ನಿಮ್ಮ ಮುಂದೆ ಬಂದು ನಿಲ್ಲಲು ನಾಲ್ಕೂವರೆ ಸೆಕೆಂಡು ಸಾಕು. ‘ಇನ್ನೂ ದೂರ ಇದೆ’ ಎಂಬ ಅಂದಾಜು ತಪ್ಪುವುದು ಇಲ್ಲೇ.

ಏರ್‌ಬ್ಯಾಗ್ ಇದ್ದರೆ ಸೀಟ್ ಬೆಲ್ಟ್ ಬೇಡವೇ?

ಬೇಕು. ಏರ್‌ಬ್ಯಾಗ್ ವಿನ್ಯಾಸವಾಗಿರುವುದೇ ಬೆಲ್ಟಿನ ಜೊತೆಗಾರನಾಗಿ. ಬೆಲ್ಟ್ ಹಾಕದವರು ಡಿಕ್ಕಿಯ ಕ್ಷಣದಲ್ಲಿ ಮುಂದಕ್ಕೆ ಹಾರಿ, ಸ್ಫೋಟದಂತೆ ಉಬ್ಬುತ್ತಿರುವ ಬ್ಯಾಗಿಗೆ ತೀರಾ ಹತ್ತಿರದಿಂದ ಬಡಿಯುತ್ತಾರೆ. ಆಗ ರಕ್ಷಿಸಬೇಕಾದ ಬ್ಯಾಗೇ ಗಾಯ ಮಾಡಬಹುದು.

ಹಿಂದಿನ ಸೀಟಿನವರಿಗೂ ಇದೇ ಮಾತು. 50 ಕಿ.ಮೀ. ವೇಗದಲ್ಲಿ ಚಲಿಸುತ್ತಿರುವ 60 ಕಿಲೋ ತೂಕದ ವ್ಯಕ್ತಿ ಮುಂದಿನ ಸೀಟಿಗೆ ಬಡಿದು 10 ಸೆಂಟಿಮೀಟರ್ ಅಂತರದಲ್ಲಿ ನಿಂತರೆ, ದೇಹದ ಮೇಲೆ ಬೀಳುವ ಸರಾಸರಿ ಬಲ ಸುಮಾರು ಆರು ಟನ್ ತೂಕಕ್ಕೆ ಸಮ. ಬೆಲ್ಟ್ ಹಾಕಿಕೊಂಡು, ಕಾರಿನ ಮುಂಭಾಗ ನಜ್ಜುಗುಜ್ಜಾಗುವ ಅಂತರವನ್ನೂ ಬಳಸಿಕೊಂಡು 60 ಸೆಂಟಿಮೀಟರ್‌ನಲ್ಲಿ ನಿಂತರೆ, ಅದೇ ಬಲ ಸುಮಾರು ಒಂದು ಟನ್ನಿಗೆ ಇಳಿಯುತ್ತದೆ. ಕಾರಿನ ಮುಂಭಾಗ ಸುಲಭವಾಗಿ ಮುದುಡಿತು ಎಂದ ಮಾತ್ರಕ್ಕೆ ಕಾರು ಕಳಪೆ ಎಂದಲ್ಲ. ತಾನು ಮುದುಡಿ ಒಳಗಿನವರನ್ನು ನಿಧಾನಕ್ಕೆ ನಿಲ್ಲಿಸುವುದೇ ಅದರ ಕೆಲಸ. ಗಟ್ಟಿಯಾಗಿ ಉಳಿಯಬೇಕಾದ್ದು ಜನ ಕೂರುವ ಭಾಗ. ಸೀಟ್ ಬೆಲ್ಟ್ ಸಾವಿನ ಅಪಾಯವನ್ನು ಶೇ 50ರವರೆಗೆ ತಗ್ಗಿಸಬಲ್ಲದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹತ್ತು ಪಟ್ಟು ಆದಾಯದ ಫಾರ್ವರ್ಡ್ ನಿಜವೇ?

ನಿಜವಲ್ಲ. ಈ ಸಂದೇಶಗಳು ಮೋಟಾರು ವಾಹನ ಕಾಯ್ದೆ 1988ರ 166ನೇ ಸೆಕ್ಷನ್ನಿನ ಹೆಸರು ಹೇಳುತ್ತವೆ. ಆ ಸೆಕ್ಷನ್ ಇರುವುದು ನಿಜ. ಪರಿಹಾರಕ್ಕೆ ಯಾರು, ಎಲ್ಲಿ, ಹೇಗೆ ಅರ್ಜಿ ಹಾಕಬೇಕು ಎಂಬುದನ್ನು ಅದು ಹೇಳುತ್ತದೆ. ಅದರಲ್ಲಿ ರಿಟರ್ನಿನ ಮಾತಾಗಲಿ, ಹತ್ತು ಪಟ್ಟಿನ ಮಾತಾಗಲಿ ಇಲ್ಲ. ಪರಿಹಾರ ಕೊಡುವುದು ಸರ್ಕಾರವೂ ಅಲ್ಲ. ತಪ್ಪು ಮಾಡಿದ ವಾಹನದ ಚಾಲಕ ಮತ್ತು ಮಾಲೀಕ ಹೊಣೆಗಾರರು, ಅವರ ಪರವಾಗಿ ವಿಮಾ ಕಂಪನಿ ಹಣ ಕಟ್ಟುತ್ತದೆ.

ಲೆಕ್ಕ ಹಾಕುವ ವಿಧಾನವನ್ನು ಸುಪ್ರೀಂ ಕೋರ್ಟ್ 2009 ಮತ್ತು 2017ರ ಎರಡು ಮುಖ್ಯ ತೀರ್ಪುಗಳಲ್ಲಿ ಸ್ಪಷ್ಟಪಡಿಸಿದೆ. ಮೃತರ ವಾರ್ಷಿಕ ಆದಾಯಕ್ಕೆ ಮುಂದೆ ಹೆಚ್ಚಬಹುದಾಗಿದ್ದ ಆದಾಯದ ಪಾಲನ್ನು ಸೇರಿಸುತ್ತಾರೆ. ಸ್ವಂತ ಉದ್ಯೋಗದವರಾದರೆ 40 ವರ್ಷದೊಳಗೆ ಶೇ 40, 40ರಿಂದ 50ರವರೆಗೆ ಶೇ 25, 50ರಿಂದ 60ರವರೆಗೆ ಶೇ 10. ಅದರಲ್ಲಿ ಮೃತರು ತಮಗಾಗಿ ಖರ್ಚು ಮಾಡಿಕೊಳ್ಳುತ್ತಿದ್ದ ಪಾಲನ್ನು ಕಳೆಯುತ್ತಾರೆ. ಉಳಿದದ್ದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. ಗುಣಕ 15ರಿಂದ 25ರ ವಯಸ್ಸಿಗೆ 18, 26ರಿಂದ 30ಕ್ಕೆ 17, 31ರಿಂದ 35ಕ್ಕೆ 16. ಹೀಗೆ ಇಳಿಯುತ್ತಾ 61ರಿಂದ 65ಕ್ಕೆ 7, ಅದಕ್ಕೂ ಮೇಲಿನವರಿಗೆ 5 ಆಗುತ್ತದೆ.

ಉದಾಹರಣೆಗೆ, ವರ್ಷಕ್ಕೆ 4 ಲಕ್ಷ ಆದಾಯವಿದ್ದ 30 ವರ್ಷದ ಸ್ವಂತ ಉದ್ಯೋಗಿ ಮೃತಪಟ್ಟು, ಮೂವರು ಅವಲಂಬಿತರಿದ್ದರೆ: 4 ಲಕ್ಷಕ್ಕೆ ಶೇ 40 ಸೇರಿ 5.6 ಲಕ್ಷ. ಮೂರನೇ ಒಂದು ಪಾಲು ಕಳೆದು, ಉಳಿದದ್ದನ್ನು 17ರಿಂದ ಗುಣಿಸಿದರೆ ಸುಮಾರು 63.5 ಲಕ್ಷ. ಅಷ್ಟೇ ಆದಾಯದ, ಅಷ್ಟೇ ಅವಲಂಬಿತರಿರುವ 62 ವರ್ಷದವರಾದರೆ ಸುಮಾರು 18.7 ಲಕ್ಷ. ಫಾರ್ವರ್ಡ್ ಇಬ್ಬರಿಗೂ 40 ಲಕ್ಷ ಎನ್ನುತ್ತದೆ. ಅಂದರೆ ಮೊದಲ ಕುಟುಂಬಕ್ಕೆ ಅದು ಮೋಸ, ಎರಡನೆಯದಕ್ಕೆ ಹುಸಿ ಆಸೆ. ತೆರಿಗೆ ರಿಟರ್ನ್ ಆದಾಯಕ್ಕೆ ಬಲವಾದ ಸಾಕ್ಷ್ಯ ಎಂಬುದು ಮಾತ್ರ ನಿಜ. ಆದರೆ ಅದೊಂದೇ ಸಾಕ್ಷ್ಯ ಅಲ್ಲ.

ಮುಖಾಮುಖಿ ಡಿಕ್ಕಿ ಎಂದರೆ ಇಬ್ಬರದೂ ಅರ್ಧರ್ಧ ತಪ್ಪೇ?

ಈ ನಂಬಿಕೆಗೆ ಒಂದು ಮೂಲ ಇದೆ. ಕಾರು ಮತ್ತು ಬಸ್ಸಿನ ಮುಖಾಮುಖಿ ಡಿಕ್ಕಿಯ ಪ್ರಕರಣವೊಂದರಲ್ಲಿ, ಇಬ್ಬರು ಚಾಲಕರೂ ಸಮಾನ ಹೊಣೆಗಾರರು ಎಂಬ ನ್ಯಾಯಮಂಡಳಿಯ ಅಭಿಪ್ರಾಯವನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಒಪ್ಪಿತ್ತು. ವಿಮಾ ಕಂಪನಿಗಳ ವಕೀಲರು ಅಂಥ ವಾದವನ್ನು ಈಗಲೂ ಮುಂದಿಡುತ್ತಾರೆ. ಆದರೆ ಅದು ಎಲ್ಲ ಮುಖಾಮುಖಿ ಡಿಕ್ಕಿಗಳಿಗೂ ಅನ್ವಯಿಸುವ ಸೂತ್ರವಲ್ಲ. ಕೇರಳದಲ್ಲಿ ನಡೆದ ಇಂಥದ್ದೇ ಕಾರು, ಬಸ್ಸಿನ ಡಿಕ್ಕಿಯ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್, ಅಪಘಾತದ ನಂತರ ವಾಹನಗಳು ನಿಂತ ಜಾಗ ಮಹಜರಿನಲ್ಲಿ ಹೇಗಿದೆ ಎಂಬುದರಿಂದಲೇ ಒಬ್ಬ ಚಾಲಕನ ಮೇಲೆ ನಿರ್ಲಕ್ಷ್ಯ ಹೊರಿಸಲಾಗದು ಎಂದು ಹೇಳಿ, ಮೃತ ಕಾರು ಚಾಲಕನ ಮೇಲೆ ಹೊರಿಸಿದ್ದ ಪಾಲನ್ನು ತೆಗೆದುಹಾಕಿತು.

ಅಂದರೆ ಪ್ರತಿ ಪ್ರಕರಣದಲ್ಲೂ ಸಾಕ್ಷ್ಯ ನೋಡಬೇಕು. ಯಾರು ತನ್ನ ಬದಿ ಬಿಟ್ಟು ಬಂದರು? ಗಾಜಿನ ಚೂರು, ಮಣ್ಣು, ಎಣ್ಣೆ ರಸ್ತೆಯ ಯಾವ ಪಕ್ಕದಲ್ಲಿ ಬಿದ್ದಿದೆ? ಟೈರಿನ ಗುರುತು ಎಲ್ಲಿಂದ ಶುರುವಾಗಿದೆ? ವಾಹನದ ಎಡಮೂತಿ ಜಜ್ಜಿದೆಯೋ ಬಲಮೂತಿಯೋ? ವಿಭಜಕ ಇರುವ ಹೆದ್ದಾರಿಯಲ್ಲಿ ಯಾರು ವಿರುದ್ಧ ದಿಕ್ಕಿನಲ್ಲಿ ಬಂದರು? ಸ್ಥಳದ ನಕ್ಷೆ, ಮಹಜರು, ಮೋಟಾರು ವಾಹನ ನಿರೀಕ್ಷಕರ ವರದಿ, ಪ್ರತ್ಯಕ್ಷದರ್ಶಿಗಳ ಹೇಳಿಕೆ, ಹತ್ತಿರದ ಪೆಟ್ರೋಲ್ ಬಂಕಿನ ಸಿಸಿಟಿವಿ, ಡ್ಯಾಶ್‌ಕ್ಯಾಮ್ ಎಲ್ಲವೂ ಇದಕ್ಕೆ ಉತ್ತರ ಕೊಡುತ್ತವೆ. ದೊಡ್ಡ ವಾಹನದ್ದೇ ತಪ್ಪು ಎಂಬ ನಿಯಮವೂ ಕಾನೂನಿನಲ್ಲಿಲ್ಲ.

ಇಲ್ಲಿ ಕ್ರಿಮಿನಲ್ ಕೇಸಿನಷ್ಟು ಕಟ್ಟುನಿಟ್ಟಿನ ರುಜುವಾತು ಬೇಕಿಲ್ಲ. ಹೀಗೇ ನಡೆದಿರುವ ಸಂಭವ ಹೆಚ್ಚು ಎಂದು ತೋರಿಸಿದರೆ ಸಾಕು. ಎಫ್‌ಐಆರ್ ನಿಮ್ಮ ಮೇಲೇ ದಾಖಲಾಗಿದೆ ಎಂದ ಮಾತ್ರಕ್ಕೆ ಕಥೆ ಮುಗಿಯಲಿಲ್ಲ. ನ್ಯಾಯಮಂಡಳಿ ಸ್ವತಂತ್ರವಾಗಿ ಸಾಕ್ಷ್ಯ ತೂಗುತ್ತದೆ.

ಕಾರಿನಲ್ಲಿ ಕುಳಿತವರಿಗೂ ಚಾಲಕನ ತಪ್ಪು ಅಂಟುತ್ತದೆಯೇ?

ಇದು ಬಹಳ ಕುಟುಂಬಗಳಿಗೆ ಗೊತ್ತಿಲ್ಲದ, ಆದರೆ ಅತ್ಯಂತ ಉಪಯುಕ್ತ ವಿಷಯ. ನೀವೇ ಚಾಲಕರಾಗಿದ್ದು ನಿಮ್ಮ ಪಾಲು ಶೇ 25 ಎಂದು ತೀರ್ಮಾನವಾದರೆ, 12 ಲಕ್ಷದ ಪರಿಹಾರದಲ್ಲಿ 3 ಲಕ್ಷ ಕಳೆದು 9 ಲಕ್ಷ ಸಿಗುತ್ತದೆ. ಪೂರ್ತಿ ಹಕ್ಕು ಹೋಗುವುದಿಲ್ಲ. ಆದರೆ ಪಕ್ಕದಲ್ಲಿ ಅಥವಾ ಹಿಂದೆ ಕುಳಿತಿದ್ದ ನಿಮ್ಮ ತಾಯಿ, ಮಡದಿ, ಸ್ನೇಹಿತ ಗಾಡಿ ಓಡಿಸುತ್ತಿರಲಿಲ್ಲ. ಅವರ ತಪ್ಪೇನೂ ಇಲ್ಲ. ಎರಡೂ ಚಾಲಕರ ತಪ್ಪಿನಿಂದ ಅವರಿಗೆ ಗಾಯವಾಗಿದ್ದರೆ, ಪೂರ್ತಿ ಪರಿಹಾರವನ್ನು ಎರಡರಲ್ಲಿ ಯಾವ ವಾಹನದ ಕಡೆಯಿಂದಲಾದರೂ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟಪಡಿಸಿದೆ. ಹಣ ಕಟ್ಟಿದವರು ಇನ್ನೊಬ್ಬರ ಪಾಲನ್ನು ಆಮೇಲೆ ಅವರಿಂದ ವಸೂಲು ಮಾಡಿಕೊಳ್ಳಲಿ, ಅದು ಅವರ ನಡುವಿನ ವಿಚಾರ.

ಇದು ಏಕೆ ಮುಖ್ಯ? ಖಾಸಗಿ ಕಾರಿಗೆ ಬರೀ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ, ಆ ಕಾರಿನೊಳಗೆ ಕುಳಿತವರಿಗೆ ಆ ವಿಮೆ ಸಾಮಾನ್ಯವಾಗಿ ರಕ್ಷಣೆ ಕೊಡುವುದಿಲ್ಲ. ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೆ ಕೊಡುತ್ತದೆ. ಆದರೆ ಎದುರಿನ ವಾಹನದ ವಿಮೆಗೆ ನಿಮ್ಮ ಕಾರಿನಲ್ಲಿದ್ದ ಪ್ರತಿಯೊಬ್ಬರೂ ಮೂರನೇ ವ್ಯಕ್ತಿಯೇ. ಹಾಗಾಗಿ ಅರ್ಜಿ ಹಾಕುವಾಗ ಎರಡೂ ವಾಹನಗಳ ಮಾಲೀಕರನ್ನು ಮತ್ತು ವಿಮಾ ಕಂಪನಿಗಳನ್ನು ಪ್ರತಿವಾದಿಗಳಾಗಿ ಸೇರಿಸುವುದು ಜಾಣತನ.

ಪೂರ್ತಿ ತಪ್ಪು ಚಾಲಕನದ್ದೇ ಆಗಿದ್ದರೆ ಅವನ ಸಾವಿಗೆ ಅಥವಾ ಗಾಯಕ್ಕೆ 166ನೇ ಸೆಕ್ಷನ್ನಿನಲ್ಲಿ ಪರಿಹಾರ ಇಲ್ಲ. ಅರಸೀಕೆರೆ ಕಡೆ 2014ರಲ್ಲಿ ಅತಿ ವೇಗದಿಂದ ಕಾರು ಉರುಳಿ ಚಾಲಕ ಮೃತಪಟ್ಟ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಕುಟುಂಬದ ಕೋರಿಕೆಯನ್ನು ತಿರಸ್ಕರಿಸಿತ್ತು. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಮಧ್ಯಪ್ರವೇಶಿಸಲಿಲ್ಲ. ಅಂಥ ಸಂದರ್ಭದಲ್ಲಿ ನೆರವಿಗೆ ಬರುವುದು ಮಾಲೀಕ ಚಾಲಕರಿಗಾಗಿ ಇರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ. ಪಾಲಿಸಿ ನವೀಕರಿಸುವಾಗ ಕೆಲವು ನೂರು ರೂಪಾಯಿ ಉಳಿಸಲು ಅದನ್ನು ಬಿಡಬೇಡಿ.

ಲೈಸೆನ್ಸ್ ಇಲ್ಲದವರಿಗೆ ಪರಿಹಾರವೇ ಇಲ್ಲ ಎಂಬುದೂ ಪೂರ್ತಿ ನಿಜವಲ್ಲ. ಲೈಸೆನ್ಸ್ ಇಲ್ಲದಿರುವುದು ಬೇರೆ ಅಪರಾಧ, ಅದಕ್ಕೆ ದಂಡ ಇದೆ. ಆದರೆ ಅಪಘಾತಕ್ಕೆ ಅದು ಕಾರಣವಾಗಿಲ್ಲದಿದ್ದರೆ ಅದೊಂದರಿಂದಲೇ ನಿಮ್ಮ ಪಾಲಿನ ತಪ್ಪು ಸಾಬೀತಾಗದು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಗಾಯಾಳುವಿಗೆ ಏನೇನು ಸಿಗುತ್ತದೆ?

ಆಸ್ಪತ್ರೆಯ ಬಿಲ್ಲು ಮಾತ್ರ ಎಂದು ತಿಳಿದವರೇ ಹೆಚ್ಚು. ಸುಪ್ರೀಂ ಕೋರ್ಟ್ 2010ರ ತೀರ್ಪೊಂದರಲ್ಲಿ ಪಟ್ಟಿ ಮಾಡಿರುವಂತೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ:

- ಚಿಕಿತ್ಸೆ, ಔಷಧ, ಓಡಾಟ ಮತ್ತು ಪೌಷ್ಟಿಕ ಆಹಾರದ ಖರ್ಚು
- ಚಿಕಿತ್ಸೆಯ ಅವಧಿಯಲ್ಲಿ ತಪ್ಪಿದ ದುಡಿಮೆ
- ಶಾಶ್ವತ ಅಂಗವೈಕಲ್ಯದಿಂದ ಮುಂದೆ ತಪ್ಪುವ ದುಡಿಮೆ
- ಮುಂದೆ ಬೇಕಾಗುವ ಶಸ್ತ್ರಚಿಕಿತ್ಸೆ, ಔಷಧದ ಖರ್ಚು
- ಅನುಭವಿಸಿದ ನೋವು ಮತ್ತು ಯಾತನೆ
- ಬದುಕಿನ ಸಹಜ ಸುಖ, ಮದುವೆಯಂಥ ಅವಕಾಶಗಳ ನಷ್ಟ
- ಆಯಸ್ಸು ಕಡಿಮೆಯಾಗುವ ಸಂಭವವಿದ್ದರೆ ಅದಕ್ಕಾಗಿ

ಸಣ್ಣ ಗಾಯಗಳಿಗೆ ಮೊದಲ ಎರಡು ಬಾಬ್ತು ಮತ್ತು ನೋವಿನ ಬಾಬ್ತು ಮಾತ್ರ ಅನ್ವಯ. ಉಳಿದವು ಗಂಭೀರ ಗಾಯಗಳಿಗೆ.

ಇದರಲ್ಲಿ ಜನ ಎಡವುವುದು ಅಂಗವೈಕಲ್ಯದ ಶೇಕಡಾವಾರಿನಲ್ಲಿ. ವೈದ್ಯರು ಕೊಟ್ಟ ಪ್ರಮಾಣಪತ್ರದಲ್ಲಿ ಎಷ್ಟು ಶೇಕಡಾ ಇದೆಯೋ ಅಷ್ಟೇ ಪರಿಹಾರ ಎಂದುಕೊಳ್ಳುತ್ತಾರೆ. ಹಾಗಲ್ಲ. ಆ ಗಾಯ ನಿಮ್ಮ ಕೆಲಸಕ್ಕೆ ಎಷ್ಟು ಅಡ್ಡಿ ಎಂಬುದು ಮುಖ್ಯ. ಅದೇ ತೀರ್ಪು ಕೊಡುವ ಉದಾಹರಣೆ ಸರಳವಾಗಿದೆ. ಎಡಗೈ ಕಳೆದುಕೊಂಡ ಸರ್ಕಾರಿ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಹುದು. ಅದೇ ಕೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ದುಡಿಮೆ ಬಹುತೇಕ ನೂರಕ್ಕೆ ನೂರು ಹೋದಂತೆ. ಹಾಗಾಗಿ ನೀವು ಯಾವ ಕೆಲಸ ಮಾಡುತ್ತಿದ್ದಿರಿ, ಈಗ ಅದರಲ್ಲಿ ಏನೇನು ಮಾಡಲಾಗುತ್ತಿಲ್ಲ ಎಂಬುದನ್ನು ವಿವರವಾಗಿ ಹೇಳಬೇಕು, ಚಿಕಿತ್ಸೆ ಕೊಟ್ಟ ವೈದ್ಯರ ಸಾಕ್ಷ್ಯವನ್ನೂ ಕೊಡಿಸಬೇಕು.

ಲೆಕ್ಕ ಹೀಗೆ ಬರುತ್ತದೆ. ತಿಂಗಳಿಗೆ 15,000 ದುಡಿಯುವ 34 ವರ್ಷದ ಟೈಲರ್ ಒಬ್ಬರ ದುಡಿಮೆಯ ಶಕ್ತಿ ಶೇ 30 ಕುಂದಿದೆ ಎಂದುಕೊಳ್ಳೋಣ. ಭವಿಷ್ಯದ ಏರಿಕೆ ಶೇ 40 ಸೇರಿ ತಿಂಗಳಿಗೆ 21,000, ವರ್ಷಕ್ಕೆ 2,52,000. ಅದನ್ನು 16ರಿಂದ ಗುಣಿಸಿ ಶೇ 30 ತೆಗೆದರೆ 12,09,600 ರೂಪಾಯಿ. ಇದು ಒಂದು ಬಾಬ್ತು ಮಾತ್ರ. ಗಾಯಾಳು ಬದುಕಿರುವುದರಿಂದ ಸ್ವಂತ ಖರ್ಚಿನ ಪಾಲನ್ನು ಇಲ್ಲಿ ಕಳೆಯುವಂತಿಲ್ಲ. ಇದರ ಮೇಲೆ ಅರ್ಜಿ ಹಾಕಿದ ದಿನದಿಂದ ಬಡ್ಡಿಯನ್ನೂ ನ್ಯಾಯಮಂಡಳಿ ಕೊಡಿಸಬಹುದು.

ಸಂಬಳದ ಚೀಟಿ ಇಲ್ಲದಿದ್ದರೆ? ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣವೊಂದರಲ್ಲಿ 2014ರಲ್ಲಿ ಇದಕ್ಕೆ ಉತ್ತರ ಸಿಕ್ಕಿದೆ. ಅಪಘಾತದಲ್ಲಿ ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯ ಬಳಿ ಆದಾಯದ ದಾಖಲೆ ಇರಲಿಲ್ಲ. ಅಂಥವರಿಂದ ದಾಖಲೆ ನಿರೀಕ್ಷಿಸುವುದು ಸರಿಯಲ್ಲ ಎಂದ ಕೋರ್ಟ್, ತಿಂಗಳ ಆದಾಯ 6,500 ಎಂದು ಹಿಡಿದು, ದುಡಿಮೆಯ ನಷ್ಟವನ್ನು ಶೇ 85 ಎಂದು ಎಣಿಸಿತು. ಕೂಲಿ, ಬೀದಿ ವ್ಯಾಪಾರ, ಮನೆಗೆಲಸ ಮಾಡುವವರಿಗೂ ಪರಿಹಾರ ಇದೆ. ಮನೆ ನೋಡಿಕೊಳ್ಳುವ ಗೃಹಿಣಿಯ ದುಡಿಮೆಗೂ ಕೋರ್ಟುಗಳು ಬೆಲೆ ಕಟ್ಟುತ್ತವೆ.

ಗಾಯಾಳುವನ್ನು ಸೇರಿಸಿದರೆ ಕೇಸು ನಮ್ಮ ಮೇಲೇ ಬರುತ್ತದೆಯೇ?

ಇಲ್ಲ. 2019ರ ತಿದ್ದುಪಡಿಯಿಂದ ಬಂದ 134ಎ ಸೆಕ್ಷನ್ ಸದುದ್ದೇಶದಿಂದ ನೆರವಾದವರನ್ನು ಸಿವಿಲ್, ಕ್ರಿಮಿನಲ್ ಎರಡೂ ಹೊಣೆಯಿಂದ ರಕ್ಷಿಸುತ್ತದೆ. ಹೆಸರು, ವಿಳಾಸ ಕೊಡುವಂತೆ ಅವರನ್ನು ಬಲವಂತ ಮಾಡುವಂತಿಲ್ಲ. ಸಾಕ್ಷಿಯಾಗುವುದು ಅವರ ಇಚ್ಛೆ. ಕರ್ನಾಟಕದಲ್ಲಿ ಇದಕ್ಕಾಗಿಯೇ 2016ರ ಪ್ರತ್ಯೇಕ ಕಾಯ್ದೆಯೂ ಇದೆ. 108 ಅಥವಾ 112ಕ್ಕೆ, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಕರೆ ಮಾಡಿ. ವಿಡಿಯೊ ಆಮೇಲೆ.

ಚಿಕಿತ್ಸೆಯ ಹಣಕ್ಕಾಗಿ ಕಾಯಬೇಕಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ನಗದುರಹಿತ ಚಿಕಿತ್ಸೆ ಯೋಜನೆಯಡಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಪ್ರತಿ ಗಾಯಾಳುವಿಗೆ ಅಪಘಾತದ ದಿನದಿಂದ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ತಪ್ಪು ಯಾರದೆಂಬ ಪ್ರಶ್ನೆ ಇಲ್ಲಿ ಬರುವುದಿಲ್ಲ.

ಗುದ್ದಿದ ವಾಹನ ಓಡಿಹೋದರೆ?

ವಾಹನ ಪತ್ತೆಯಾಗದಿದ್ದರೆ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹಿಟ್ ಅಂಡ್ ರನ್ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ವಾಹನ ಪತ್ತೆಯಾಗಿ, ತಪ್ಪು ಯಾರದೆಂದು ಸಾಬೀತುಪಡಿಸುವುದು ಕಷ್ಟವಾದರೆ 164ನೇ ಸೆಕ್ಷನ್ ಇದೆ. ಅದರಲ್ಲಿ ತಪ್ಪು ತೋರಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಆದರೆ ಎಚ್ಚರ: 164ರಡಿ ವಿಮಾ ಕಂಪನಿಯ ಇತ್ಯರ್ಥದ ಹಣ ಒಪ್ಪಿಕೊಂಡರೆ, ಹೆಚ್ಚಿನ ಮೊತ್ತಕ್ಕಾಗಿ ನ್ಯಾಯಮಂಡಳಿಯಲ್ಲಿ ಹಾಕಿದ ಅರ್ಜಿ ರದ್ದಾಗುತ್ತದೆ. ಮೇಲಿನ ಟೈಲರ್ ಉದಾಹರಣೆಯಲ್ಲಿ 12 ಲಕ್ಷ ಬರಬಹುದಾದ ಕಡೆ 2.5 ಲಕ್ಷಕ್ಕೆ ಸಹಿ ಹಾಕಿದರೆ ನಷ್ಟ ಯಾರಿಗೆ ಎಂದು ಯೋಚಿಸಿ.

ಅರ್ಜಿ ಎಲ್ಲಿ, ಎಷ್ಟು ದಿನದೊಳಗೆ?

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಜಿಲ್ಲಾ ನ್ಯಾಯಾಲಯಗಳಲ್ಲೇ ಇರುತ್ತದೆ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ ಈ ಕೆಲಸ ಮಾಡುತ್ತದೆ. ಅಪಘಾತ ನಡೆದ ಊರಿನಲ್ಲೇ ಹಾಕಬೇಕೆಂದಿಲ್ಲ. ನೀವು ವಾಸಿಸುವ ಅಥವಾ ವ್ಯಾಪಾರ ಮಾಡುವ ಊರಿನ ವ್ಯಾಪ್ತಿಯಲ್ಲೂ, ಎದುರು ಪಕ್ಷದವರು ಇರುವ ಕಡೆಯೂ ಹಾಕಬಹುದು. ಮಹಾರಾಷ್ಟ್ರದಲ್ಲಿ ಅಪಘಾತವಾದ ಬೆಳಗಾವಿಯವರು ಬೆಳಗಾವಿಯಲ್ಲೇ ಅರ್ಜಿ ಸಲ್ಲಿಸಬಹುದು.

ಗಡುವಿನ ಬಗ್ಗೆ ಹಳೆಯ ಮಾಹಿತಿಯೇ ಈಗಲೂ ಹರಿದಾಡುತ್ತಿದೆ. ‘ಯಾವಾಗ ಬೇಕಾದರೂ ಹಾಕಬಹುದು’ ಎಂಬುದು ಹಿಂದಿನ ಮಾತು. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮ ಬಂದಿದೆ. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಹಾಗಾಗಿ ತಡವಾಗಿದ್ದರೂ ಕೈಚೆಲ್ಲದೆ ವಕೀಲರನ್ನು ಕೇಳಿ. ಆದರೆ ಆ ನಂಬಿಕೆಯ ಮೇಲೆ ಯಾರೂ ತಡ ಮಾಡಬೇಡಿ.

ಪೊಲೀಸರಿಗೂ ಗಡುವುಗಳಿವೆ. 2022ರ ನಿಯಮಗಳ ಪ್ರಕಾರ ಅಪಘಾತದ ಮೊದಲ ವರದಿ 48 ಗಂಟೆಗಳೊಳಗೆ, ಮಧ್ಯಂತರ ವರದಿ 50 ದಿನಗಳೊಳಗೆ, ವಿವರವಾದ ವರದಿ 90 ದಿನಗಳೊಳಗೆ ನ್ಯಾಯಮಂಡಳಿಗೆ ಹೋಗಬೇಕು. ಈ ವರದಿಯನ್ನೇ ಪರಿಹಾರದ ಅರ್ಜಿಯಾಗಿ ಪರಿಗಣಿಸಲು ಕಾನೂನಿನಲ್ಲಿ ಅವಕಾಶ ಇದೆ. ಠಾಣೆಯಲ್ಲಿ ಇದನ್ನು ವಿಚಾರಿಸುವುದು ನಿಮ್ಮ ಹಕ್ಕು.

ಇಟ್ಟುಕೊಳ್ಳಬೇಕಾದ ಕಾಗದಗಳು

- ಎಫ್‌ಐಆರ್, ಮಹಜರು, ಸ್ಥಳದ ನಕ್ಷೆ ಮತ್ತು ದೋಷಾರೋಪ ಪಟ್ಟಿಯ ಪ್ರತಿ
- ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ, ಸ್ಕ್ಯಾನ್
- ಪ್ರತಿ ಔಷಧದ ಬಿಲ್ಲು, ಆಟೊ ಮತ್ತು ಆ್ಯಂಬುಲೆನ್ಸ್ ರಸೀದಿ
- ಎದುರಿನ ವಾಹನದ ನೋಂದಣಿ ಸಂಖ್ಯೆ. ವಿಮೆಯ ವಿವರವನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಬಹುದು
- ಆದಾಯದ ಯಾವುದೇ ಗುರುತು: ಬ್ಯಾಂಕ್ ಪಾಸ್‌ಬುಕ್, ಯುಪಿಐ ವಹಿವಾಟು, ಮಾಲೀಕರ ಪತ್ರ, ವ್ಯಾಪಾರ ಪರವಾನಗಿ
- ವಯಸ್ಸಿನ ದಾಖಲೆ. ಗುಣಕ ನಿಂತಿರುವುದು ಇದರ ಮೇಲೆ

ಮೊದಲ ದಿನ ವೈದ್ಯರಿಗೆ ಅಪಘಾತ ಹೇಗಾಯಿತೆಂದು ಇದ್ದದ್ದನ್ನು ಇದ್ದಂತೆ ಹೇಳಿ. ‘ಪೊಲೀಸ್ ತಲೆನೋವು ಬೇಡ, ಜಾರಿ ಬಿದ್ದರು ಎಂದು ಬರೆಸಿ’ ಎಂದು ಸಂಬಂಧಿಕರು ಹೇಳುವುದುಂಟು. ಆಸ್ಪತ್ರೆಯ ದಾಖಲೆಯಲ್ಲಿ ಆ ಒಂದು ಸಾಲು ಇದ್ದರೆ, ವಿಮಾ ಕಂಪನಿ ಇಡೀ ಪ್ರಕರಣವನ್ನೇ ಸುಳ್ಳೆನ್ನಲು ಅದು ಸಾಕು. ಹಾಗೆಯೇ ಸ್ಥಳದಲ್ಲೇ ಹತ್ತಿಪ್ಪತ್ತು ಸಾವಿರ ತೆಗೆದುಕೊಂಡು ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ತಲೆಯ ಪೆಟ್ಟು, ಬೆನ್ನುಮೂಳೆಯ ಗಾಯದ ನಿಜವಾದ ಪರಿಣಾಮ ಕೆಲವೊಮ್ಮೆ ವಾರಗಳ ನಂತರ ಗೊತ್ತಾಗುತ್ತದೆ.

ವಕೀಲರ ಫೀಸಿನ ಬಗ್ಗೆಯೂ ಒಂದು ಮಾತು. ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ಒಪ್ಪಂದ ಮಾಡಿಕೊಳ್ಳುವುದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಿಗೆ ವಿರುದ್ಧ. ಆಸ್ಪತ್ರೆಯ ಬಾಗಿಲಲ್ಲೇ ಬಂದು ‘ಕೇಸು ನಾವು ನೋಡಿಕೊಳ್ಳುತ್ತೇವೆ’ ಎನ್ನುವ ದಲ್ಲಾಳಿಗಳಿಂದ ದೂರ ಇರಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ ಸಂಖ್ಯೆ 15100. ಲೋಕ ಅದಾಲತ್‌ನಲ್ಲಿ ರಾಜಿಯೂ ಆಗಬಹುದು, ಆದರೆ ಮೇಲಿನ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ, ಆಮೇಲೆ ಒಪ್ಪಿಕೊಳ್ಳಿ.

ಒಟ್ಟಿನಲ್ಲಿ

ಸರ್ಕಾರ ಹತ್ತು ಪಟ್ಟು ಕೊಡುತ್ತದೆ ಎಂಬುದು ಸುಳ್ಳು. ಮುಖಾಮುಖಿ ಡಿಕ್ಕಿಯಲ್ಲಿ ಯಾರಿಗೂ ಏನೂ ಇಲ್ಲ ಎಂಬುದೂ ಸುಳ್ಳು. ದಾಖಲೆ ಇಲ್ಲದ ಬಡವರಿಗೆ ಪರಿಹಾರ ಇಲ್ಲ ಎಂಬುದು ಇನ್ನೂ ದೊಡ್ಡ ಸುಳ್ಳು. ನಿಜ ಇಷ್ಟೇ: ಪರಿಹಾರ ಇದೆ, ಅದಕ್ಕೆ ಲೆಕ್ಕ ಇದೆ, ಸಾಕ್ಷ್ಯ ಬೇಕು, ಗಡುವು ಇದೆ. ಹತ್ತು ಪಟ್ಟಿನ ಸಂದೇಶ ಮತ್ತೆ ಗ್ರೂಪಿಗೆ ಬಂದಾಗ ಸುಮ್ಮನೆ ಮುಂದೆ ತಳ್ಳುವ ಬದಲು ಆರು ತಿಂಗಳ ಗಡುವು ಮತ್ತು 15100 ಸಂಖ್ಯೆಯನ್ನು ಉತ್ತರವಾಗಿ ಹಾಕಿ. ಆ ಗ್ರೂಪಿನಲ್ಲಿ ಯಾರಿಗಾದರೂ ಅದು ಇವತ್ತೇ ಬೇಕಾಗಿರಬಹುದು.